ಮೊದಲು ಜುಗಾರಿ ಕ್ರಾಸ್, ಆಮೇಲೆ ಮದುಮಗಳು

ಕನ್ನಡದಲ್ಲಿ ಏನು ಓದೋದು ಅಂತ ಕೇಳಿದ್ರೆ ಸಾಕು, ದೊಡ್ಡವರೆಲ್ಲ ಥಟ್ಟನೆ ಹೇಳೋದು 'ಮಲೆಗಳಲ್ಲಿ ಮದುಮಗಳು', ಇಲ್ಲಾ 'ಪರ್ವ'. ಎರಡೂ ದೊಡ್ಡ ಕೃತಿಗಳೇ, ಅನುಮಾನವಿಲ್ಲ. ಆದರೆ ನಮ್ಮ ಕಷ್ಟ ಬೇರೆ. ಇಂಗ್ಲಿಷ್ ಮೀಡಿಯಂನಿಂದ ಬಂದ ನಾವು ಕನ್ನಡದಲ್ಲಿ ಹರಟೆ ಹೊಡೀತೀವಿ, ಜಗಳ ಆಡ್ತೀವಿ, ಹಾಡು ಗುನುಗ್ತೀವಿ. ಪುಸ್ತಕ ಕೈಗೆ ಬಂದಾಗ ಮಾತ್ರ ಪ್ರತಿ ಒತ್ತಕ್ಷರಕ್ಕೂ ಬ್ರೇಕ್ ಬೀಳುತ್ತೆ. ಇಂಗ್ಲಿಷ್‌ನಲ್ಲಿ ಹತ್ತು ಪುಟ ಓದೋ ಹೊತ್ತಲ್ಲಿ ಕನ್ನಡದಲ್ಲಿ ಮೂರು ಮುಗಿದ್ರೆ ಹೆಚ್ಚು. ಅಂಥವರ ಕೈಗೆ ಆ ದಪ್ಪ ಪುಸ್ತಕ ಕೊಟ್ಟರೆ ಎರಡನೇ ಅಧ್ಯಾಯದಲ್ಲಿ ಬುಕ್‌ಮಾರ್ಕ್ ಸಮೇತ ಕಪಾಟು ಸೇರುತ್ತೆ. ಆಮೇಲೆ 'ಕನ್ನಡ ಓದೋದು ನಮ್ಮಿಂದಾಗಲ್ಲ' ಅನ್ನೋ ತೀರ್ಮಾನ, ಅದೂ ಜೀವನಪೂರ್ತಿಗೆ.

ನಿಧಾನವಾಗಿ ಓದೋರಿಗೆ ಬೇಕಾಗಿರೋದು 'ಮುಂದೇನಾಯ್ತು?' ಅನ್ನೋ ಚಡಪಡಿಕೆ. ಅದಿದ್ರೆ ಗೊತ್ತಿಲ್ಲದ ಪದವನ್ನು ದಾಟಿಕೊಂಡು ಓಡ್ತೀವಿ. ನಾಲ್ಕನೇ ಸಲ ಅದೇ ಪದ ಎದುರಾದಾಗ ಅರ್ಥ ತಾನಾಗೇ ಹೊಳೆಯುತ್ತೆ. ಅದಕ್ಕೇ ಸಸ್ಪೆನ್ಸ್, ಗೂಢಚಾರಿಕೆ, ಪ್ರೇಮಕಥೆಯಿಂದಲೇ ಶುರು ಮಾಡಿ ಅಂತೀವಿ.

ತೇಜಸ್ವಿಯವರ 'ಜುಗಾರಿ ಕ್ರಾಸ್' ಮೊದಲು. ಏಲಕ್ಕಿ ಮಾರಲು ಹೊರಟ ಸುರೇಶ, ಜೊತೆಗೆ ಹೆಂಡತಿ ಗೌರಿ, ಸುತ್ತ ಘಟ್ಟದ ಕಾಡು, ಕಳ್ಳ ವ್ಯವಹಾರ. ಹೆಚ್ಚುಕಡಿಮೆ ಒಂದೇ ದಿನದ ಕಥೆ. ಒಂದು ವೀಕೆಂಡ್ ಸಾಕು ಗುರೂ.

ಎರಡನೆಯದು ಕೆ.ಎನ್. ಗಣೇಶಯ್ಯ. ಇವರು ಕೃಷಿ ವಿಜ್ಞಾನಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದವರು. ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆ, ಕೊಲಂಬಸ್ 1492ರಲ್ಲಿ ಅಲ್ಲಿಗೆ ಹೋದ ಮೇಲೆ ಹೊರಜಗತ್ತಿಗೆ ಬಂತು ಅಂತ ನಾವು ಓದಿದ್ದೀವಿ. ಹಾಗಾದ್ರೆ 13ನೇ ಶತಮಾನದ ಸೋಮನಾಥಪುರದ ಶಿಲ್ಪಗಳ ಕೈಯಲ್ಲಿ ಜೋಳದ ತೆನೆ ಥರ ಕಾಣೋದು ಏನು? ವಿದ್ವಾಂಸರು ನಿಜವಾಗಿ ಜಗಳ ಆಡಿರೋ ಈ ಪ್ರಶ್ನೆ ಹಿಡಿದುಕೊಂಡೇ 'ಕನಕ ಮುಸುಕು' ಬಂದಿದೆ. 'ಕರಿಸಿರಿಯಾನ'ದಲ್ಲಿ ವಿಜಯನಗರದ ನಿಧಿಯ ಹುಡುಕಾಟ. ಥ್ರಿಲ್ಲರ್‌ಗೆ ಅಡಿಟಿಪ್ಪಣಿ ಹಾಕೋ ಲೇಖಕರು ಇವರು! ಲ್ಯಾಬ್ ರೆಕಾರ್ಡ್ ಬರೆದು ಬರೆದು ಸುಸ್ತಾದ ನಮಗೆ ಇಂಥ ಟಿಪ್ಪಣಿ ಓದಿ ಖುಷಿಯಾಗಿದ್ದು ಇದೇ ಮೊದಲು. ಪಾತ್ರಗಳು ಕೆಲವು ಸಲ ಲೆಕ್ಚರ್ ಕೊಡ್ತಾರೆ ನಿಜ, ಕ್ಲಾಸ್‌ಗಿಂತ ವಾಸಿ.

ಗೂಢಚಾರರ ವಿಷಯಕ್ಕೆ ಬಂದ್ರೆ ನಮಗೆಲ್ಲ ನೆನಪಾಗೋದು ಸಿನಿಮಾ: 1968ರ 'ಜೇಡರ ಬಲೆ'ಯಲ್ಲಿ ಸಿಐಡಿ 999 ಆದ ರಾಜ್‌ಕುಮಾರ್. ಆದರೆ 1823ರಲ್ಲೇ ಕೆಂಪುನಾರಾಯಣ ಬರೆದ 'ಮುದ್ರಾಮಂಜೂಷ' ನೋಡಿ. ಚಾಣಕ್ಯ, ಅವನ ಬೇಹುಗಾರರು, ಒಂದು ಮುದ್ರೆಯುಂಗುರ, ಸುತ್ತ ಹೆಣೆದ ಸಂಚು. ಕನ್ನಡದಲ್ಲಿ ಕಾದಂಬರಿ ಅನ್ನೋದು ಸರಿಯಾಗಿ ಹುಟ್ಟೋ ಮೊದಲೇ ಬಂದ ಗದ್ಯಕಥೆ ಅದು! ಭಾಷೆ ಕಷ್ಟ, ಈಗಲೇ ಓದಿ ಅನ್ನಲ್ಲ. ಆದರೆ 'ಪತ್ತೇದಾರಿ ಎಲ್ಲ ಟೈಂಪಾಸ್, ಸಾಹಿತ್ಯ ಅಲ್ಲ' ಅಂತ ಮೂಗು ಮುರಿಯೋರಿಗೆ ಇದನ್ನ ಹೇಳಿ. ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಹೆಸರನ್ನ ನಿಮ್ಮ ಅಜ್ಜ-ಅಜ್ಜಿ ಹತ್ತಿರವೂ ಒಮ್ಮೆ ಕೇಳಿ ನೋಡಿ.

ಪ್ರೇಮಕ್ಕೆ ತ್ರಿವೇಣಿಯವರ 'ಬೆಳ್ಳಿಮೋಡ'. ಎಸ್ಟೇಟಿನ ಒಬ್ಬಳೇ ವಾರಸುದಾರಳು ಇಂದಿರಾ. ಅವಳನ್ನ ಮದುವೆಯಾಗೋನು ಮಾವನ ದುಡ್ಡಲ್ಲಿ ವಿದೇಶಕ್ಕೆ ಓದೋಕೆ ಹೋಗ್ತಾನೆ. ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟಿಬಿಡ್ತಾನೆ. ಮುಂದೆ ಹೇಳಲ್ಲ. ಪ್ಯಾಕೇಜ್ ನೋಡಿ ಸಂಬಂಧ ಹುಡುಕೋ ಈ ಕಾಲದಲ್ಲಿ ಕೊನೆಯ ಪುಟಗಳು ಸರಿಯಾಗಿ ಚುಚ್ಚುತ್ವೆ. ಸಿನಿಮಾ ನೋಡಿದ್ರೂ ಓದಿ.

ಲೈಬ್ರರಿಯಲ್ಲಿ ಕನ್ನಡದ ಕಪಾಟು ಎಲ್ಲೋ ಮೂಲೆಯಲ್ಲಿದೆ, ಹುಡುಕ್ಕೋಬೇಕು. 'ಜುಗಾರಿ ಕ್ರಾಸ್' ಸಿಗದಿದ್ರೆ ಬೈಕೋಬೇಡಿ, ಇರೋ ಒಂದೇ ಪ್ರತಿ ಸದ್ಯ ನಮ್ಮ ರೂಮಿನಲ್ಲಿದೆ. ಇಂಟರ್ನಲ್ಸ್ ಮುಗಿದ ಸಂಜೆ ಬಂದು ತಗೊಂಡು ಹೋಗಿ.