ಸುತ್ತಿಗೆಯ ಸದ್ದು ಕಲಿಸುವವರು

ವೈಟ್‌ಫೀಲ್ಡ್ ಸ್ಟೇಷನ್ನಿನ ಮುಂದೆ ಹಾದುಹೋಗುವ ರೈಲು ಮಾರ್ಗ 1864ರದು. ಅದನ್ನೇ ಹಿಡಿದು ಪೂರ್ವಕ್ಕೆ ನಡೆದರೆ ಚೆನ್ನೈಯ ಪೆರಂಬೂರು ಸಿಕ್ಕುತ್ತದೆ. 1855ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ತಯಾರಾಗಿ, ದಶಕಗಟ್ಟಲೆ ಬರಿಯ ನೋಟದ ವಸ್ತುವಾಗಿ ನಿಂತಿದ್ದ ‘ಇ.ಐ.ಆರ್. 21’ ಎಂಬ ಉಗಿ ಇಂಜಿನ್ನಿಗೆ 2010ರಲ್ಲಿ ಮತ್ತೆ ಜೀವ ಕೊಟ್ಟವರು ಆ ಊರಿನ ರೈಲ್ವೆ ಕಾರ್ಖಾನೆಯ ಕೆಲಸಗಾರರು.

ಇದು ಪುಸ್ತಕ ಓದಿ ಮಾತ್ರ ಬರುವ ವಿದ್ಯೆಯಲ್ಲ. ಬಾಯ್ಲರಿನ ಬೆಂಕಿಗೂಡನ್ನು ನೂರಾರು ಬೋಲ್ಟುಗಳು ಬಿಗಿಹಿಡಿದಿರುತ್ತವೆ. ಬಲ್ಲ ಫಿಟ್ಟರು ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಾನೆ. ಗಟ್ಟಿಯಾದದ್ದು ಖಣಿಲೆನ್ನುತ್ತದೆ, ಮುರಿದದ್ದು ಮಂಕಾಗಿ ನುಡಿಯುತ್ತದೆ. ಇಲ್ಲಿ ತಪ್ಪಿದರೆ ಬಾಯ್ಲರು ಸಿಡಿದು ಜೀವ ಹೋದೀತು. ಚಿತ್ತರಂಜನ್ ಕಾರ್ಖಾನೆ ಉಗಿ ಇಂಜಿನ್ ತಯಾರಿಕೆಯನ್ನು ನಿಲ್ಲಿಸಿದ್ದು 1972ರಲ್ಲಿ. ಆಗ ಇಪ್ಪತ್ತರ ತರುಣನಾಗಿದ್ದವನು ಈಗ ಎಪ್ಪತ್ತು ದಾಟಿದ್ದಾನೆ. ಅವನ ಕಿವಿ ಬಲ್ಲದ್ದನ್ನು ಇನ್ನೊಂದು ಕಿವಿ ಕಲಿಯದಿದ್ದರೆ, ಆ ವಿದ್ಯೆ ಅವನೊಡನೆಯೇ ಮಣ್ಣಾಗುತ್ತದೆ.

ವೇಲ್ಸ್ ದೇಶದಲ್ಲಿ, ಮುಚ್ಚಿಹೋಗಲಿದ್ದ ಟಾಲಿಲಿನ್ ರೈಲು ಮಾರ್ಗವನ್ನು 1951ರಲ್ಲಿ ಸ್ವಯಂಸೇವಕರ ಸಂಘವೊಂದು ವಹಿಸಿಕೊಂಡಿತು. ಅದು ಇಂದಿಗೂ ಓಡುತ್ತಿದೆ. ನಮ್ಮಲ್ಲೇನು ಕೈಗಳಿಗೆ ಬರವೇ? ಮೈಸೂರಿನ ರೈಲು ಸಂಗ್ರಹಾಲಯ 1979ರಲ್ಲೇ ತೆರೆಯಿತು. ಹಳೆಯ ಇಂಜಿನ್ನುಗಳು ಅಲ್ಲಿವೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ತರುಣರು ಭಾನುವಾರದ ಬಿಡುವನ್ನು ಕೊಡಬಲ್ಲರು. ಪೀಣ್ಯದ ಲೇತಿನವರು ಒಂದು ಬುಷ್ಷು, ಒಂದು ಪಿನ್ನು ಕಡೆದುಕೊಡಬಲ್ಲರು. ಅಂಗಡಿಯ ಬಂಧುಗಳು ಬಣ್ಣ, ಗ್ರೀಸುಗಳನ್ನು ಒದಗಿಸಬಲ್ಲರು. ಬೇಕಾದದ್ದು ಕಲಿಸುವ ಹಿರಿಯರು.

ಆದರೆ ಹಿರಿಯರನ್ನು ಬರಿಯ ಹೂಮಾಲೆಗೆ ಕರೆಯಬಾರದು. ಕಲಿಸಲು ಬಂದ ನಿವೃತ್ತ ಕಾರ್ಮಿಕನಿಗೆ ದಿನದ ಸಂಬಳ, ಪ್ರಯಾಣದ ಖರ್ಚು, ಊಟ ಸಲ್ಲಲೇಬೇಕು. ಪಾಠ ಹೇಳಿದ ಮೇಷ್ಟರಿಗೆ ಸಂಬಳ ಉಂಟು. ಸುತ್ತಿಗೆ ಹಿಡಿದ ಮೇಷ್ಟರಿಗೇಕೆ ಇಲ್ಲ? ಎರಡನೆಯದಾಗಿ, ಸ್ವಯಂಸೇವೆಯ ಹೆಸರು ಹೇಳಿ ಕೂಲಿ ಕೊಟ್ಟು ಮಾಡಿಸಬೇಕಾದ ಕೆಲಸವನ್ನು ಬಿಟ್ಟಿ ಮಾಡಿಸಿಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ಪ್ರೀತಿಯಿಂದ ಕೊಟ್ಟ ಭಾನುವಾರ ಬೇರೆ, ಇನ್ನೊಬ್ಬನ ಸೋಮವಾರದ ಅನ್ನ ಕಸಿಯುವುದು ಬೇರೆ. ಮೂರನೆಯದಾಗಿ, ಅಧಿಕೃತ ಪರೀಕ್ಷೆಯಾಗದೆ ಯಾವ ಬಾಯ್ಲರಿಗೂ ಬೆಂಕಿ ಹಾಕಕೂಡದು.

ಇಂಜಿನ್ನು ಕೂಗು ಹಾಕುವ ದಿನ ಮಂತ್ರಿಗಳು ಬಂದೇ ಬರುತ್ತಾರೆ, ಕಲ್ಲಿನ ಮೇಲೆ ಹೆಸರನ್ನೂ ಕೆತ್ತಿಸುತ್ತಾರೆ. ಕೆತ್ತಿಸಲಿ. ಕಲಿಸಿದ ಫಿಟ್ಟರಿನ ಹೆಸರು ಅದಕ್ಕಿಂತ ಒಂದು ಸಾಲು ಮೇಲಿರಲಿ ಎಂಬುದಷ್ಟೇ ನಮ್ಮ ಒತ್ತಾಯ.