ಕೊಳ್ಳೇಗಾಲಕ್ಕೆ ಮುಟ್ಟದ ಹಳಿ

ಕೊಳ್ಳೇಗಾಲದವರು ರೈಲು ಹತ್ತಬೇಕಾದರೆ ಮೊದಲು ಬಸ್ಸು ಹತ್ತಬೇಕು. ಯಳಂದೂರು ದಾಟಿ ಚಾಮರಾಜನಗರಕ್ಕೆ ಹೋಗಬೇಕು, ಇಲ್ಲವೇ ನೇರ ಮೈಸೂರಿಗೆ. ಹನೂರಿನವರಿಗೆ ಅದಕ್ಕೂ ಮೊದಲು ಇನ್ನೊಂದು ಬಸ್ಸು.

ಚಾಮರಾಜನಗರದ ಪುಟ್ಟ ಸ್ಟೇಷನ್ನಿನಲ್ಲಿ ಹಳಿ ಮುಗಿದುಹೋಗುತ್ತದೆ. ಮೈಸೂರಿನಿಂದ 61 ಕಿ.ಮೀ. ಬಂದ ರೈಲು ಬಂದ ದಾರಿಯಲ್ಲೇ ವಾಪಸು ಹೋಗಬೇಕು. ಇಲ್ಲಿಂದ ಹೊರಡುವ ತಿರುಪತಿ ಎಕ್ಸ್‌ಪ್ರೆಸ್‌ನದು ಇನ್ನೂ ತಮಾಷೆ: ತಿಮ್ಮಪ್ಪ ಇರುವುದು ಈಶಾನ್ಯಕ್ಕೆ, ರೈಲು ಮೊದಲು ಓಡುವುದು ವಾಯವ್ಯಕ್ಕೆ.

1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ಬಂದ ಮೀಟರ್ ಗೇಜ್ ಹಳಿ 1926ರಲ್ಲಿ ಚಾಮರಾಜನಗರ ಮುಟ್ಟಿತು. ನಂಜನಗೂಡಿನಲ್ಲಿ ದಳವಾಯಿಗಳ ಕಾಲದ, 1735ರ ಕಲ್ಲು ಸೇತುವೆಯ ಮೇಲೆ ಗಾಡಿಗಳ ಪಕ್ಕದಲ್ಲೇ ರೈಲೂ ಕಪಿಲೆಯನ್ನು ದಾಟುತ್ತಿತ್ತು. ಹೊಳೆ ಅಡ್ಡ ಬರಲಿಲ್ಲ. ಆದರೆ ಮುಂದೆ ಗಡಿಯಿತ್ತು. ಯಳಂದೂರು ಮೈಸೂರು ಸಂಸ್ಥಾನದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ್ದು. ಅದರ ಮಗ್ಗುಲಿನ ಕೊಳ್ಳೇಗಾಲ ಮಾತ್ರ ಮದ್ರಾಸಿನ ಪಾಲು; ಅದರ ಜಿಲ್ಲಾ ಕೇಂದ್ರ ದಿಂಬಂ ಘಟ್ಟದಾಚೆಯ ಕೊಯಮತ್ತೂರು. ಪರರಾಜ್ಯದ ಊರಿಗೆ ಅರಮನೆಯ ದುಡ್ಡಿನಲ್ಲಿ ಹಳಿ ಹಾಕುವ ಉಮೇದು ಯಾರಿಗಿದ್ದೀತು?

1956ರಲ್ಲಿ ಆ ಗಡಿ ಅಳಿಸಿತು. ಹಳಿ ಮಾತ್ರ ನಿಂತಲ್ಲೇ ನಿಂತಿದೆ.

ಬೆಂಗಳೂರು ಕಡೆಯ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರಿನ ಮೇಲೆ ಚಾಮರಾಜನಗರಕ್ಕೆ 142 ಕಿ.ಮೀ. ಹೊಸ ಮಾರ್ಗಕ್ಕೆ 1996-97ರಲ್ಲೇ ಮಂಜೂರಾತಿ ಸಿಕ್ಕಿತು. ಆಮೇಲಿನದು ಸರ್ವೆ, ಭೂಸ್ವಾಧೀನ, ಮನವಿಪತ್ರಗಳ ಕಥೆ.

ಇಡೀ 142 ಕಿ.ಮೀ. ಒಟ್ಟಿಗೇ ಆಗಲಿ ಎಂದು ಕಾಯುವುದೇ ತಪ್ಪು. ಕೆಲಸ ಈ ತುದಿಯಿಂದ ಶುರುವಾಗಲಿ: ಮೊದಲು ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲದವರೆಗೆ. ಸತ್ಯಮಂಗಲದ ಆನೆ ಕಾಡನ್ನು ಸೀಳಬೇಕಾದ, ಚಾಮರಾಜನಗರದಿಂದ ಮೆಟ್ಟುಪಾಳ್ಯಂಗೆ ಹಾಕಬೇಕೆಂದಿರುವ ಮಾರ್ಗದ ತಕರಾರಿಗೂ ಇದಕ್ಕೂ ಗಂಟು ಹಾಕಬಾರದು. ಅದು ಘಟ್ಟದ ಹಾದಿ, ಇದು ಗದ್ದೆ ಬಯಲಿನದು. ಬಯಲೆಂದ ಮಾತ್ರಕ್ಕೆ ಬಿಟ್ಟಿ ಸಿಗುವ ನೆಲವಲ್ಲ, ನಿಜ. ಹಿಪ್ಪುನೇರಳೆ ತೋಟ ಬಿಟ್ಟುಕೊಡುವ ರೈತನ ಕೈಗೆ ಪರಿಹಾರದ ಹಣ ಮೊದಲು ಬರಬೇಕು, ಗಡಿಕಲ್ಲು ಆಮೇಲೆ.

ಗಿರಾಕಿಗಳಿಗಂತೂ ಕೊರತೆಯಿಲ್ಲ. ರೇಷ್ಮೆಗೂಡಿನ ಚೀಲ ಹೊತ್ತ ರೈತರು, ಸೀರೆಯ ಗಂಟು ಹಿಡಿದ ನೇಕಾರರು ದಿನವೂ ಓಡಾಡುತ್ತಾರೆ. ಶಿವರಾತ್ರಿ, ದೀಪಾವಳಿ ಬಂತೆಂದರೆ ಮಹದೇಶ್ವರ ಬೆಟ್ಟಕ್ಕೆ ಹೊರಟವರಿಂದ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರು ಒಳಗೆ ನುಗ್ಗುವ ಹೊತ್ತಿಗೆ ಆ ಟವೆಲ್ಲಿನ ಮೇಲೆ ಇನ್ಯಾರೋ ಕೂತಿರುತ್ತಾರೆ.