ಹೆಪ್ಪನ್ನು ತಡೆಯುವ ಬಲೆ

ಶೃಂಗೇರಿ ತಾಲ್ಲೂಕಿನ ಬೇಗಾರ್ ಸೀಮೆಯಲ್ಲಿ ಮಳೆಗಾಲವೆಂದರೆ ಅಡಿಕೆ ತೋಟಗಳಿಗೆ ಕೊಳೆರೋಗದ ಭಯ. ಬೋರ್ಡೋ ದ್ರಾವಣ ಹೊಡೆಯಲು ಒದ್ದೆಯಾದ ಮರವನ್ನೇರಿದವನ ಕಾಲು ಜಾರುವುದು ಮಲೆನಾಡಿಗೆ ಹೊಸ ಸಂಗತಿಯಲ್ಲ. ತೊಡೆಯ ಎಲುಬು ಮುರಿದವನನ್ನು ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೆ ಒಯ್ಯುವುದೂ ಉಂಟು. ಎಲುಬನ್ನು ಕೂಡಿಸಿದ್ದಾಯಿತು, ಇನ್ನು ಚಿಂತೆಯಿಲ್ಲವೆಂದು ಮನೆಯವರು ಸಮಾಧಾನಪಡುವ ಹೊತ್ತಿಗೆ ಇಂಥ ಕೆಲವು ರೋಗಿಗಳಿಗೆ ಹಠಾತ್ತನೆ ಉಸಿರು ಕಟ್ಟುತ್ತದೆ. ಆ ವಿಪತ್ತಿನ ಮೂಲ ಅನೇಕ ವೇಳೆ ಎದೆಯಲ್ಲಿರುವುದಿಲ್ಲ, ಕಾಲಿನಲ್ಲಿರುತ್ತದೆ.

ನಡೆದಾಡುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ. ಹಾಸಿಗೆ ಹಿಡಿದವರಲ್ಲಿ ಆ ಹರಿವು ಮಂದವಾಗುತ್ತದೆ. ಒಳಗಿನ ಅಭಿಧಮನಿಗಳಲ್ಲಿ ರಕ್ತವು ಹೆಪ್ಪುಗಟ್ಟಬಹುದು. ಹೆಪ್ಪಿನ ತುಣುಕೊಂದು ಕಳಚಿಕೊಂಡರೆ ಹೊಟ್ಟೆಯ ಹಿಂಬದಿಯ ಮಹಾಭಿಧಮನಿಯ ಮೂಲಕ ಹೃದಯವನ್ನು ಸೇರಿ, ಅಲ್ಲಿಂದ ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಪಯಣವನ್ನು 19ನೆಯ ಶತಮಾನದ ಮಧ್ಯಭಾಗದಲ್ಲಿ ವಿವರಿಸಿದವನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಖೋ.

ಇದಕ್ಕೆ ಮೊದಲ ಚಿಕಿತ್ಸೆ ಹೆಪಾರಿನ್‌ನಂತಹ, ಹೆಪ್ಪು ಬೆಳೆಯದಂತೆ ತಡೆಯುವ ಔಷಧ. ಆದರೆ ಬಿದ್ದವನ ಮಿದುಳಿನಲ್ಲಿಯೂ ರಕ್ತಸ್ರಾವವಾಗಿದ್ದರೆ ಆ ಔಷಧವೇ ಪ್ರಾಣಕ್ಕೆ ಎರವಾದೀತು. ಇಂಥ ಇಕ್ಕಟ್ಟಿನಲ್ಲಿ ವೈದ್ಯರು ಮಹಾಭಿಧಮನಿಯೊಳಗೆ ಒಂದು ಸೋಸುಬಲೆಯನ್ನು ನಿಲ್ಲಿಸುತ್ತಾರೆ.

ಮಳೆಗಾಲದಲ್ಲಿ ಗದ್ದೆಯ ನೀರು ಹರಿಯುವೆಡೆ ಮಲೆನಾಡಿಗರು ಒಡ್ಡುವ ಬಿದಿರಿನ ಕೂಣಿಯನ್ನು ಕಂಡವರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ಕೂಣಿಯಲ್ಲಿ ನೀರು ಹರಿದುಹೋಗುತ್ತದೆ, ಮೀನು ಉಳಿಯುತ್ತದೆ. ಬಲೆಯಲ್ಲಿ ರಕ್ತ ಹರಿದುಹೋಗುತ್ತದೆ, ಹೆಪ್ಪು ಉಳಿಯುತ್ತದೆ. ಅಮೆರಿಕದ ಶಸ್ತ್ರವೈದ್ಯ ಲಾಜರ್ ಗ್ರೀನ್‌ಫೀಲ್ಡ್ ಗಾರ್ಮನ್ ಕಿಮ್ಮೆಲ್‌ನೊಡನೆ ರೂಪಿಸಿ 1973ರಲ್ಲಿ ಪ್ರಕಟಿಸಿದ ಬಲೆಯೂ ಶಂಕುವಿನ ಆಕಾರದ್ದೇ. ಹೆಪ್ಪು ತುದಿಯಲ್ಲಿ ಶೇಖರವಾದರೂ ಸುತ್ತಲಿನಿಂದ ರಕ್ತಕ್ಕೆ ದಾರಿಯಿರುತ್ತದೆ. ಇಂದು ಹೊಟ್ಟೆಯನ್ನು ಕೊಯ್ಯುವ ಅಗತ್ಯವಿಲ್ಲ. ಕತ್ತಿನ ಅಥವಾ ತೊಡೆಸಂದಿನ ಅಭಿಧಮನಿಯಿಂದ ಸಣ್ಣ ಕೊಳವೆಯೊಂದನ್ನು ತೂರಿಸಿ, ಕ್ಷ-ಕಿರಣದಲ್ಲಿ ನೋಡುತ್ತ, ಸಾಮಾನ್ಯವಾಗಿ ಮೂತ್ರಪಿಂಡಗಳ ಅಭಿಧಮನಿಗಳು ಕೂಡುವ ಸ್ಥಳಕ್ಕಿಂತ ಕೆಳಗೆ ಬಲೆಯನ್ನು ಬಿಚ್ಚುತ್ತಾರೆ.

ಆದರೆ ಬಲೆಯು ಹೆಪ್ಪನ್ನು ಕರಗಿಸದು. ಹೊಸ ಹೆಪ್ಪು ಹುಟ್ಟುವುದನ್ನೂ ತಡೆಯದು. ಫ್ರಾನ್ಸಿನಲ್ಲಿ 400 ರೋಗಿಗಳನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವು ಕಣ್ತೆರೆಸುವಂತಹುದು. ಬಲೆಯಿದ್ದವರಲ್ಲಿ ಮೊದಲ ದಿನಗಳಲ್ಲಿ ಶ್ವಾಸಕೋಶದ ಹೆಪ್ಪು ಕಡಿಮೆಯಾಯಿತು. ಎರಡು ವರ್ಷಗಳಲ್ಲಿ ಕಾಲಿನ ಹೆಪ್ಪು ಹೆಚ್ಚಾಯಿತು. ಆಯುಸ್ಸಿನಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. ಬಹುಕಾಲ ಉಳಿದ ಬಲೆ ಸ್ಥಳ ಬಿಟ್ಟು ಜಾರಬಹುದು, ಅದರ ಕಾಲು ಮುರಿಯಬಹುದು, ನಾಳದ ಗೋಡೆಯನ್ನು ತೂರಬಹುದು.

ಆದಕಾರಣವೇ ತೆಗೆಯಲು ಬರುವ ತಾತ್ಕಾಲಿಕ ಬಲೆಗಳು ಬಳಕೆಗೆ ಬಂದವು. ಅನೇಕ ಬಲೆಗಳ ತುದಿಯಲ್ಲಿ ಪುಟ್ಟ ಕೊಕ್ಕೆಯಿರುತ್ತದೆ. ಕತ್ತಿನ ಮೂಲಕ ಕುಣಿಕೆಯನ್ನಿಳಿಸಿ, ಬಲೆಯನ್ನು ಮಡಚಿ ಹೊರಕ್ಕೆಳೆಯುತ್ತಾರೆ. ಅಪಾಯವು ತಾತ್ಕಾಲಿಕವಾಗಿರುವವರಲ್ಲಿ 29ರಿಂದ 54 ದಿನಗಳೊಳಗೆ ತೆಗೆಯುವುದೇ ಹಿತವೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2014ರಲ್ಲಿ ತಿಳಿಸಿತು. ಕಾಲ ಕಳೆದಂತೆ ಬಲೆಯು ಗೋಡೆಗೆ ಅಂಟಿ, ತೆಗೆಯುವುದು ಕಷ್ಟವಾಗುತ್ತದೆ.

ನೋವಿಲ್ಲದ ವಸ್ತು ಬಹುಬೇಗ ಮರೆತುಹೋಗುತ್ತದೆ. ಘಾಟಿಯ ಮೇಲಿನ ಊರಿಗೆ ಮರಳಿ, ಮಳೆ ಮತ್ತು ತೋಟದ ಕೆಲಸಗಳಲ್ಲಿ ಮುಳುಗಿದ ಮನೆಯಲ್ಲಂತೂ ಹೇಳಬೇಕಾದುದೇ ಇಲ್ಲ. ಆದ್ದರಿಂದ ಆಸ್ಪತ್ರೆಯಿಂದ ಹೊರಡುವ ಮುನ್ನ ಮನೆಯವರು ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ಬಲೆಯು ತಾತ್ಕಾಲಿಕವೋ ಶಾಶ್ವತವೋ? ತೆಗೆಯುವುದು ಎಂದು? ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವನ್ನು ಯಾವಾಗ ಆರಂಭಿಸಬಹುದು? ಉತ್ತರವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ಲೇಸು. ಈ ಮಧ್ಯೆ ಒಂದು ಕಾಲು ಊದಿಕೊಂಡರೆ, ಉಸಿರು ಕಟ್ಟಿದರೆ, ಎದೆ ನೊಂದರೆ ಆ ದಿನಾಂಕಕ್ಕಾಗಿ ಕಾಯದೆ ವೈದ್ಯರಲ್ಲಿಗೆ ಧಾವಿಸಬೇಕು.